ಹೊರೆ ಹೊತ್ತು ಓಡುವ ವೇಗದ ಟ್ರಕ್: ಬಾನ್‌ವಿಲ್ ಉಪ್ಪಿನ ಬಯಲಿಗೆ ಹಳೆಯ ಪಿಕಪ್ ಕಟ್ಟುವ ಬಗೆ

(ಯಂತ್ರಶಿಲ್ಪದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹೊರೆ ಹೊರಲೆಂದೇ ತಯಾರಾದ ವಾಹನವನ್ನು ವೇಗದ ಸ್ಪರ್ಧೆಗೆ ಒಯ್ಯಬೇಕಾದರೆ ಮೊದಲು ಅದರ ತೂಕ ಇಳಿಸಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಓಡುವ ಹಳೆಯ ಪಿಕಪ್ ಟ್ರಕ್ಕುಗಳ ವಿಷಯದಲ್ಲಿ ಈ ಅನಿಸಿಕೆ ತಲೆಕೆಳಗಾಗುತ್ತದೆ. ಅಂಥ ಟ್ರಕ್ಕನ್ನು ಕಟ್ಟುವವರು ಹಳೆಯ ಸೀಟನ್ನೂ ಬೇಡದ ಬಿಡಿಭಾಗಗಳನ್ನೂ ಕಿತ್ತು ಹಾಕುತ್ತಾರೆ, ನಿಜ. ಆದರೆ ಅದೇ ಟ್ರಕ್ಕಿಗೆ ಆಮೇಲೆ ನೂರಾರು ಕಿಲೋ ಸೀಸವನ್ನೋ ಉಕ್ಕಿನ ಹಲಗೆಗಳನ್ನೋ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ತೂಕದ ಲೆಕ್ಕವನ್ನು, ಅದರಲ್ಲೂ ತೂಕವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಯನ್ನು. ಎಂಜಿನ್ನಿನ ಮಾತು ನಡುವೆ ಬರುತ್ತದೆ. ಅದಕ್ಕೆ ಸಲ್ಲಬೇಕಾದಷ್ಟೇ ಜಾಗವನ್ನು ಕೊಡುತ್ತೇನೆ.

ಮೊದಲು ಸ್ಥಳದ ಪರಿಚಯ. ಬಾನ್‌ವಿಲ್ ಇರುವುದು ಯೂಟಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ವೆಂಡೋವರ್ ಎಂಬ ಸಣ್ಣ ಊರಿನ ಪಕ್ಕ. ಹಿಮಯುಗದ ಕಾಲದಲ್ಲಿ ಅಲ್ಲಿದ್ದ ದೊಡ್ಡ ಸರೋವರವೊಂದು ಬತ್ತಿ ಉಳಿಸಿಹೋದ ಉಪ್ಪಿನ ತಳವೇ ಈ ಬಯಲು. ಚಳಿಗಾಲದಲ್ಲಿ ಇದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ನೀರು ಆರಿದಾಗ ಉಪ್ಪು ಮತ್ತೆ ಹೆಪ್ಪುಗಟ್ಟಿ, ಯಾರೂ ರಸ್ತೆ ಹಾಕದೆಯೇ ಮೈಲುಗಟ್ಟಲೆ ಸಮತಟ್ಟಾದ ನೆಲ ಸಿದ್ಧವಾಗುತ್ತದೆ. 1935ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಇಲ್ಲಿಯೇ ಗಂಟೆಗೆ 300 ಮೈಲಿಯ ಗಡಿಯನ್ನು ದಾಟಿದ. 1947ರಲ್ಲಿ ಜಾನ್ ಕಾಬ್ ಅದನ್ನು 394 ಮೈಲಿಗೆ ಏರಿಸಿದ. ಅವೆಲ್ಲ ವಿಮಾನದ ಎಂಜಿನ್ ಹೊತ್ತ, ದೊಡ್ಡ ಹಣದ ಬೆಂಬಲವಿದ್ದ ಯಂತ್ರಗಳು. ನಮ್ಮ ವಿಷಯ ಇನ್ನೊಂದು ಪರಂಪರೆಗೆ ಸೇರಿದ್ದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಬತ್ತಿದ ಕೆರೆಗಳ ಅಂಗಳದಲ್ಲಿ ತಮ್ಮದೇ ಹಳೆಯ ಫೋರ್ಡುಗಳನ್ನು ಓಡಿಸುತ್ತಿದ್ದ ಯುವಕರ ಕ್ಲಬ್ಬುಗಳು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವಾಗಿ ಒಂದುಗೂಡಿದವು. ಆ ಸಂಘ 1949ರಲ್ಲಿ ಬಾನ್‌ವಿಲ್‌ನಲ್ಲಿ ಮೊದಲ ಬಾರಿಗೆ ‘ಸ್ಪೀಡ್ ವೀಕ್’ ಎಂಬ ವೇಗದ ಸ್ಪರ್ಧೆಯನ್ನು ನಡೆಸಿತು. ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ವಾಹನಗಳೇ ಇಂದಿಗೂ ಅಲ್ಲಿ ಹೆಚ್ಚು.

ಕಟ್ಟಲು ಹೊರಟವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ನಿಯಮಗಳ ಪುಸ್ತಕವನ್ನು. ಬಹಳ ಮಂದಿ ಎಂಜಿನ್ನಿನಿಂದ ಆರಂಭಿಸುತ್ತಾರೆ. ಅದು ತಪ್ಪು ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ದಾಖಲೆಗಳು ವರ್ಗವಾರು ಇರುತ್ತವೆ: ಬಾಡಿಯ ಬಗೆ ಒಂದು, ಎಂಜಿನ್ನಿನ ಗಾತ್ರ ಇನ್ನೊಂದು, ಸಾಮಾನ್ಯ ಪೆಟ್ರೋಲೋ ವಿಶೇಷ ಇಂಧನವೋ ಎಂಬುದು ಮತ್ತೊಂದು. ಕಾರ್ಖಾನೆಯಿಂದ ಬಂದ ಆಕಾರವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಬೇಕಾದ ಪಿಕಪ್ ವರ್ಗವೂ ಇದೆ, ಮಾರ್ಪಾಡಿಗೆ ಹೆಚ್ಚು ಅವಕಾಶವಿರುವ ವರ್ಗವೂ ಇದೆ. ಹಳೆಯ ಎಂಜಿನ್ನುಗಳಿಗೆಂದೇ ಪ್ರತ್ಯೇಕ ವರ್ಗಗಳಿರುವುದು ಈ ಕ್ರೀಡೆಯ ಸೊಗಸು: 1932ರಿಂದ 1953ರವರೆಗಿನ ಫೋರ್ಡ್ ಕಂಪನಿಯ ಫ್ಲಾಟ್‌ಹೆಡ್ (ವಾಲ್ವುಗಳು ಬ್ಲಾಕಿನೊಳಗೇ ಇರುವ) ವಿ-8ಗಳಿಗೆ ‘ಎಕ್ಸ್‌ಎಫ್’ ಎಂಬ ವರ್ಗ, ಹಳೆಯ ಕಾಲದ ಓವರ್‌ಹೆಡ್ ವಾಲ್ವ್ (ವಾಲ್ವುಗಳು ಮೇಲಿನ ಹೆಡ್ಡಿನಲ್ಲಿರುವ) ಆರು ಸಿಲಿಂಡರಿನ ಷೆವರ್ಲೆ, ಜಿಎಂಸಿಯಂಥ ಎಂಜಿನ್ನುಗಳಿಗೆ ‘ಎಕ್ಸ್‌ಒ’ ಎಂಬ ವರ್ಗ. ಹೀಗಾಗಿ 70 ವರ್ಷದ ಟ್ರಕ್ಕು ಅದೇ ವಯಸ್ಸಿನ ಎಂಜಿನ್ನಿನೊಂದಿಗೆ ತನ್ನ ಓರಗೆಯವರ ಎದುರೇ ಓಡಬಹುದು. ಛಾವಣಿಯನ್ನು ತಗ್ಗಿಸಬಹುದೆ, ಹಿಂಬದಿಯ ತೊಟ್ಟಿಯ ಮೇಲೆ ಮುಚ್ಚಳ ಹಾಕಬಹುದೆ, ಮುಂಭಾಗದ ಜಾಲರಿಯನ್ನು ಮುಚ್ಚಬಹುದೆ ಎಂಬ ಪ್ರಶ್ನೆಗಳಿಗೆಲ್ಲ ವರ್ಗವೇ ಉತ್ತರ ಕೊಡುತ್ತದೆ. ವರ್ಗ ತಿಳಿಯದೆ ಕತ್ತರಿಸಿದ ತಗಡನ್ನು ಮತ್ತೆ ಕೂಡಿಸುವ ಕೆಲಸ ಯಾರಿಗೂ ಬೇಡ.

ಉದಾಹರಣೆಗೆ 1948ರಿಂದ 1952ರವರೆಗೆ ತಯಾರಾದ ಫೋರ್ಡ್ ಎಫ್-1 ಪಿಕಪ್ಪನ್ನು ತೆಗೆದುಕೊಳ್ಳೋಣ. ಇಂದಿನವರೆಗೂ ನಡೆದುಬಂದಿರುವ ಎಫ್ ಸರಣಿಯ ಮೊದಲ ಪೀಳಿಗೆ ಇದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 114 ಇಂಚು, ಅಂದರೆ ಸುಮಾರು 2.9 ಮೀಟರು, ಎರಡು ಕಡೆಯೂ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗು, 239 ಘನ ಇಂಚಿನ, ಎಂದರೆ 3.9 ಲೀಟರಿನ ವಿ-8 ಎಂಜಿನ್ನಿಗೆ ಕಂಪನಿ ಹೇಳಿದ್ದ ಬಲ 100 ಅಶ್ವಶಕ್ತಿ. ಕ್ಯಾಬಿನ್ನು ನೆಟ್ಟಗೆ ನಿಂತಿದೆ, ಗಾಜು ಹೆಚ್ಚು ವಾಲಿಲ್ಲ, ಮಡ್‌ಗಾರ್ಡುಗಳು ಬಾನೆಟ್ಟಿನಿಂದ ಬೇರೆಯಾಗಿ ಉಬ್ಬಿವೆ. ನೋಡಲು ಬಲು ಚೆಂದ. ಗಾಳಿಯ ದೃಷ್ಟಿಯಿಂದ ಅದು ಗೋಡೆ.

ಗಾಳಿಯ ಲೆಕ್ಕ ಹೀಗಿದೆ. ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದಂತೆ, ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಅಶ್ವಶಕ್ತಿ ವೇಗದ ಘನದಂತೆ ಏರುತ್ತದೆ. ಇಂಥ ಟ್ರಕ್ಕಿನ ತಡೆಯ ಗುಣಾಂಕ 0.55 ಎಂದೂ ಎದುರಿನಿಂದ ಕಾಣುವ ವಿಸ್ತೀರ್ಣ 2.4 ಚದರ ಮೀಟರು ಎಂದೂ ಹಿಡಿಯೋಣ. ಬಾನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 1,280 ಮೀಟರು ಎತ್ತರದಲ್ಲಿದೆ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಅಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ 0.98 ಕಿಲೋ ಆಸುಪಾಸಿನಲ್ಲಿರುತ್ತದೆ. ಈ ಅಂಕಿಗಳನ್ನು ಇಟ್ಟು ನೋಡಿದರೆ, ಗಾಳಿಯನ್ನು ಸೀಳುವುದಕ್ಕೆ ಮಾತ್ರ ಗಂಟೆಗೆ 160 ಕಿ.ಮೀ. ವೇಗದಲ್ಲಿ ಸುಮಾರು 76 ಅಶ್ವಶಕ್ತಿ ಸಾಕು, 240 ಕಿ.ಮೀ.ಗೆ 257 ಬೇಕು, 320 ಕಿ.ಮೀ.ಗೆ 609 ಬೇಕು. ವೇಗ ಎರಡು ಪಟ್ಟಾದಾಗ ಬೇಕಾಗುವ ಬಲ ಎಂಟು ಪಟ್ಟು. ತೆಳುವಾದ ಗಾಳಿಯಿಂದ ತಡೆ ಕಡಿಮೆಯಾಗುತ್ತದೆ, ಆದರೆ ಎಂಜಿನ್ನೂ ಅದೇ ತೆಳು ಗಾಳಿಯನ್ನೇ ಉಸಿರಾಡಬೇಕಾದ್ದರಿಂದ ಅದರ ಬಲವೂ ತಗ್ಗುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ವರ್ಗ ಬಿಟ್ಟುಕೊಡುವ ಪ್ರತಿಯೊಂದು ಇಂಚಿನಲ್ಲೂ ಟ್ರಕ್ಕನ್ನು ನೆಲಕ್ಕೆ ತಗ್ಗಿಸುತ್ತಾರೆ. ಹಿಂಬದಿಯಲ್ಲಿ ಆಕ್ಸಲ್ಲು ಮೇಲೆದ್ದಾಗ ಚಾಸಿಗೆ ಬಡಿಯದಂತೆ ಚಾಸಿಯ ಉದ್ದಪಟ್ಟಿಯನ್ನು ಕಮಾನಿನಾಕಾರದಲ್ಲಿ ಕತ್ತರಿಸಿ, ಹೊರಗಿನಿಂದ ದಪ್ಪ ತಗಡು ಕೊಟ್ಟು ಬೆಸುಗೆ ಹಾಕುತ್ತಾರೆ. ಮೂತಿ ಸ್ವಲ್ಪ ಕೆಳಗೆ ಬಾಗಿರುವಂತೆ ನಿಲ್ಲಿಸುತ್ತಾರೆ, ಏಕೆಂದರೆ ಬಾನೆಟ್ಟಿನ ಅಡಿಗೆ ನುಗ್ಗಿದ ಗಾಳಿ ಮುಂಭಾಗವನ್ನು ಎತ್ತಿದರೆ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ. ತೊಟ್ಟಿಯ ಹಿಂಬಾಗಿಲನ್ನು ತೆರೆದಿಟ್ಟರೆ ಗಾಳಿ ಸರಾಗವಾಗಿ ಹೊರಟುಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ವಾಸ್ತವದಲ್ಲಿ, ಕ್ಯಾಬಿನ್ನಿನ ಛಾವಣಿಯಂಚಿನಿಂದ ಕಿತ್ತುಬಂದ ಗಾಳಿ ತೊಟ್ಟಿಯೊಳಗೆ ಸುಳಿಯಾಗಿ ತಿರುಗುತ್ತಿರುತ್ತದೆ, ಮೇಲಿನ ಗಾಳಿ ಆ ಸುಳಿಯ ಬೆನ್ನ ಮೇಲೆ ಜಾರಿಕೊಂಡು ಹಿಂಬಾಗಿಲನ್ನು ದಾಟುತ್ತದೆ. ಬಾಗಿಲು ತೆರೆದರೆ ಸುಳಿ ಕೆಡುತ್ತದೆ, ಎಷ್ಟೋ ಪಿಕಪ್ಪುಗಳಲ್ಲಿ ತಡೆ ಹೆಚ್ಚುತ್ತದೆ. ಗಾಳಿಯ ತಡೆಯನ್ನು ಶೇ. 10ರಷ್ಟು ಇಳಿಸುವುದೂ ಎಂಜಿನ್ನಿನ ಬಲವನ್ನು ಶೇ. 11ರಷ್ಟು ಏರಿಸುವುದೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ, ಮತ್ತು ತಗಡಿನ ಕೆಲಸ ಸಾಮಾನ್ಯವಾಗಿ ಎಂಜಿನ್ ಕೆಲಸಕ್ಕಿಂತ ಅಗ್ಗ.

ಇನ್ನು ತೂಕಕ್ಕೆ ಬರೋಣ. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವ ಖಾಲಿ ಲಾರಿಯ ಹಿಂದಿನ ಚಕ್ರ ನಿಂತಲ್ಲೇ ತಿರುಗುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಲೋಡು ಇದ್ದಾಗ ಅದೇ ಲಾರಿ ನೆಲ ಕಚ್ಚಿಕೊಂಡು ಏರುತ್ತದೆ. ಉಪ್ಪಿನ ಮೇಲೆ ಪಿಕಪ್ಪಿನ ಕಷ್ಟವೂ ಇದೇ ಬಗೆಯದು. ಮೇಲೆ ಒಣಗಿದಂತೆ ಕಾಣುವ ಉಪ್ಪಿನ ಪದರದ ಕೆಳಗೆ ತೇವವಿರುತ್ತದೆ, ಟಯರಿಗೆ ಡಾಂಬರಿನ ಹಿಡಿತ ಅಲ್ಲಿ ಸಿಗುವುದಿಲ್ಲ. ಹಿಡಿತದ ಗುಣಾಂಕ 0.5 ಎಂದೇ ಇಟ್ಟುಕೊಳ್ಳೋಣ. ಸುಮಾರು 1,400 ಕಿಲೋ ತೂಗುವ ಖಾಲಿ ಟ್ರಕ್ಕಿನ ಶೇ. 40 ಭಾಗ ಹಿಂದಿನ ಚಕ್ರಗಳ ಮೇಲಿದ್ದರೆ ಅಲ್ಲಿ ಬೀಳುವ ಭಾರ 560 ಕಿಲೋ. ಆ ಚಕ್ರಗಳು ನೆಲವನ್ನು ಹಿಂದಕ್ಕೆ ಒತ್ತಬಲ್ಲ ಬಲ 280 ಕಿಲೋಕ್ಕಿಂತ ಹೆಚ್ಚಲ್ಲ. ಗಂಟೆಗೆ 240 ಕಿ.ಮೀ. ವೇಗದಲ್ಲಿ ಗಾಳಿಯೊಂದೇ ಟ್ರಕ್ಕನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 293 ಕಿಲೋ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ: ಬಾನೆಟ್ಟಿನ ಕೆಳಗೆ 1,000 ಅಶ್ವಶಕ್ತಿಯಿದ್ದರೂ ಈ ಖಾಲಿ ಟ್ರಕ್ಕು 240 ಮುಟ್ಟುವುದಿಲ್ಲ. ಹೆಚ್ಚಿನ ಬಲವೆಲ್ಲ ಹಿಂದಿನ ಟಯರುಗಳಡಿ ಉಪ್ಪನ್ನು ಕೆರೆಯುವುದಕ್ಕೇ ಹೋಗುತ್ತದೆ.

ಹಾಗಾದರೆ ಹಿಂದೆ ತೂಕ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಹಿಂದಿನ ಆಕ್ಸಲ್ಲಿನ ನೇರ ಮೇಲೆ 500 ಕಿಲೋ ಇಟ್ಟರೆ ಹಿಡಿತದ ಮಿತಿ 280ರಿಂದ 530 ಕಿಲೋಕ್ಕೆ ಏರುತ್ತದೆ, 320 ಕಿ.ಮೀ. ವೇಗದಲ್ಲಿ ಗಾಳಿ ಒಡ್ಡುವ 521 ಕಿಲೋ ತಡೆಯನ್ನೂ ಕಾಗದದ ಮೇಲೆ ದಾಟುತ್ತದೆ. ಆದರೆ ಟ್ರಕ್ಕಿನ ಗುರುತ್ವ ಕೇಂದ್ರ ಮುಂದಿನ ಆಕ್ಸಲ್ಲಿನಿಂದ 1.16 ಮೀಟರಿನಲ್ಲಿದ್ದದ್ದು 1.62 ಮೀಟರಿಗೆ, ಅಂದರೆ 46 ಸೆಂಟಿಮೀಟರಿನಷ್ಟು ಹಿಂದೆ ಸರಿಯುತ್ತದೆ. ಅಪಾಯ ಇರುವುದು ಇಲ್ಲಿಯೇ. ವೇಗದಲ್ಲಿ ಟ್ರಕ್ಕಿನ ಮೂತಿ ಒಂದಿಷ್ಟು ಅಡ್ಡ ತಿರುಗಿತೆನ್ನಿ. ಆಗ ಗಾಳಿ ಬದಿಯಿಂದ ಒತ್ತುತ್ತದೆ. ಆ ಒತ್ತಡದ ಕೇಂದ್ರ ಗುರುತ್ವ ಕೇಂದ್ರಕ್ಕಿಂತ ಹಿಂದೆ ಇದ್ದರೆ ಗಾಳಿಯೇ ಬಾಲವನ್ನು ತಳ್ಳಿ ಮೂತಿಯನ್ನು ನೇರ ಮಾಡುತ್ತದೆ. ಮುಂದೆ ಇದ್ದರೆ ಅದೇ ಗಾಳಿ ಮೂತಿಯನ್ನು ಇನ್ನಷ್ಟು ತಿರುಗಿಸಿ ಟ್ರಕ್ಕನ್ನು ಗಿರಕಿ ಹೊಡೆಸುತ್ತದೆ. ಪಿಕಪ್ಪಿನ ಎತ್ತರದ ಭಾಗವೆಲ್ಲ ಮುಂದೆ, ಕ್ಯಾಬಿನ್ನಿನಲ್ಲಿ. ತೊಟ್ಟಿ ತಗ್ಗಾಗಿರುವುದರಿಂದ ಹಿಂದೆ ಗಾಳಿ ಒತ್ತಲು ಜಾಗ ಕಡಿಮೆ. ಹಿಡಿತಕ್ಕೆಂದು ತೂಕವನ್ನು ಹಿಂದಕ್ಕೆ ಒಯ್ದಷ್ಟೂ ಈ ವಾಹನ ನೇರ ಹೋಗುವ ಗುಣವನ್ನು ಕಳೆದುಕೊಳ್ಳುತ್ತದೆ.

ಇದಕ್ಕೆ ಒಂದೇ ಏಟಿನ ಪರಿಹಾರ ಇಲ್ಲ. ಅನುಭವಿಗಳು ತೂಕವನ್ನು ಹಿಂಬಾಗಿಲ ಬಳಿ ಎಂದೂ ಇಡುವುದಿಲ್ಲ. ಕ್ಯಾಬಿನ್ನಿನ ಹಿಂಗೋಡೆಗೂ ಹಿಂದಿನ ಆಕ್ಸಲ್ಲಿಗೂ ನಡುವೆ, ಚಾಸಿಯ ಉದ್ದಪಟ್ಟಿಗಳ ಒಳಮಗ್ಗುಲಲ್ಲಿ, ಸಾಧ್ಯವಾದಷ್ಟು ಕೆಳಗೆ ಬಿಗಿಯುತ್ತಾರೆ. ಹಿಂದೆ ಹಾಕಿದ ಭಾರವನ್ನು ಸರಿದೂಗಿಸಲು ಮುಂದೆಯೂ ಒಂದಿಷ್ಟು ಹಾಕುವುದುಂಟು. ಒಟ್ಟು ತೂಕ ಏರಿತಲ್ಲ ಎಂಬ ಚಿಂತೆಗೆ ಇಲ್ಲಿ ಹೆಚ್ಚು ಕಾರಣವಿಲ್ಲ: ಉದ್ದದ ಟ್ರ್ಯಾಕು 5 ಮೈಲಿ ಇರುತ್ತದೆ, ನಿಧಾನವಾಗಿ ವೇಗ ಏರಿಸಿಕೊಳ್ಳಲು ಜಾಗವಿದೆ, ಗರಿಷ್ಠ ವೇಗದಲ್ಲಿ ತೂಕದಿಂದ ಬರುವ ನಷ್ಟವೆಂದರೆ ಚಕ್ರ ಉರುಳುವ ತಡೆ ಮಾತ್ರ, ಅದು ಗಾಳಿಯ ತಡೆಯ ಮುಂದೆ ಚಿಕ್ಕದು. ಸೀಸವನ್ನು ಬಿಗಿಯುವ ರೀತಿಯನ್ನೂ ತಪಾಸಣೆಯವರು ಕೈಹಾಕಿ ನೋಡುತ್ತಾರೆ. ಟ್ರಕ್ಕು ಪಲ್ಟಿಯಾದಾಗ ಚಾಲಕನ ಬೆನ್ನ ಹಿಂದಿನಿಂದ 50 ಕಿಲೋ ಗಟ್ಟಿಯೊಂದು ಕಿತ್ತುಬಂದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಎಂಜಿನ್ನಿನ ಮಾತು ಈಗ. ಫೋರ್ಡಿನ ಫ್ಲಾಟ್‌ಹೆಡ್ಡಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುತ್ತವೆ. ಉರಿದ ಹೊಗೆ ಬ್ಲಾಕಿನ ನೀರಿನ ಹಾದಿಗಳ ನಡುವೆ ಹಾಯ್ದು ಹೊರಬರಬೇಕು. ಒಂದು ಬದಿಗೆ ನಾಲ್ಕು ಸಿಲಿಂಡರುಗಳಿದ್ದರೂ ಹೊಗೆಯ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಈ ಎಂಜಿನ್ ವಿಪರೀತ ಬಿಸಿಯಾಗಿ ಕಾಯುವುದಕ್ಕೆ ಹೆಸರಾದದ್ದು ಈ ಕಾರಣದಿಂದ. ಮರ್ಕ್ಯುರಿ ಕಾರಿನ 4 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರದ) ಕ್ರ್ಯಾಂಕ್‌ಶಾಫ್ಟ್ ಹಾಕಿ, ಬೋರನ್ನು, ಅಂದರೆ ಸಿಲಿಂಡರಿನ ಒಳವ್ಯಾಸವನ್ನು, 3 5/16 ಇಂಚಿಗೆ ಹಿಗ್ಗಿಸಿದರೆ 239 ಘನ ಇಂಚು 276 ಆಗುತ್ತದೆ. ಇದು ಹಾಟ್ ರಾಡ್ (ವೇಗಕ್ಕೆಂದು ಮಾರ್ಪಡಿಸಿದ ಹಳೆಯ ಕಾರು) ಕಟ್ಟುವವರ ಹಳೆಯ, ನೆಚ್ಚಿನ ಅಳತೆ. ಮುಂದೆ ಕಾರ್ವೆಟ್ ಕಾರಿನಿಂದ ಹೆಸರಾದ ಝೋರಾ ಆರ್ಕಸ್-ಡಂಟೋವ್ 1940ರ ದಶಕದ ಕೊನೆಗೆ ಇದೇ ಎಂಜಿನ್ನಿಗೆ ಓವರ್‌ಹೆಡ್ ವಾಲ್ವಿನ ‘ಆರ್ಡನ್’ ಹೆಡ್ಡುಗಳನ್ನು ರೂಪಿಸಿದ, ಅದೂ ಮೂಲತಃ ಭಾರ ಎಳೆದು ಬಳಲುತ್ತಿದ್ದ ಫೋರ್ಡ್ ಟ್ರಕ್ಕುಗಳಿಗಾಗಿ. ಟ್ರಕ್ಕಿಗೆಂದು ಹುಟ್ಟಿದ ಆ ಹೆಡ್ಡುಗಳು ಹೆಸರು ಮಾಡಿದ್ದು ಮಾತ್ರ ಸ್ಪರ್ಧೆಯಲ್ಲಿ. ಆದರೆ ಅವನ್ನು ಹಾಕಿದ ಕ್ಷಣ ನಿಮ್ಮ ಟ್ರಕ್ಕು ಫ್ಲಾಟ್‌ಹೆಡ್ ವರ್ಗದಿಂದ ಹೊರಗೆ, ‘ಎಕ್ಸ್‌ಎಕ್ಸ್‌ಎಫ್’ ಎಂಬ ಬೇರೆ ವರ್ಗದಲ್ಲಿ ನಿಲ್ಲುತ್ತದೆ. ನಿಯಮದ ಪುಸ್ತಕವನ್ನು ಮೊದಲು ಓದಿ ಎಂದು ನಾನು ಒತ್ತಿ ಹೇಳಿದ್ದು ಇಂಥವುಗಳಿಗಾಗಿಯೇ.

ಕಾಯುವ ಎಂಜಿನ್ನಿಗೆ ಉಪ್ಪಿನ ಬಯಲಿನಲ್ಲಿ ಒಂದು ಸುಲಭೋಪಾಯವಿದೆ, ಅದು ನನಗೆ ಬಲು ಇಷ್ಟ. ಓಟ ಮುಗಿಯುವುದು ಎರಡು ಮೂರು ನಿಮಿಷದಲ್ಲಿ. ಅಷ್ಟಕ್ಕೆ ರೇಡಿಯೇಟರೇ ಬೇಡ. ಅದನ್ನು ಕಿತ್ತು, ತೊಟ್ಟಿಯ ಮುಂಭಾಗದಲ್ಲಿ ನೀರಿನ ಟ್ಯಾಂಕೊಂದನ್ನು ಕೂರಿಸಿ, ಎಂಜಿನ್ನಿಗೆ ಕೊಳವೆ ಎಳೆಯುತ್ತಾರೆ. 150 ಕಿಲೋವಾಟ್ ಶಾಖ 2 ನಿಮಿಷ ನೀರಿಗೆ ಸೇರುತ್ತಲೇ ಇದ್ದರೂ 80 ಲೀಟರ್ ನೀರಿನ ಉಷ್ಣತೆ ಏರುವುದು ಸುಮಾರು 54 ಡಿಗ್ರಿ. 30 ಡಿಗ್ರಿಯಲ್ಲಿ ಹೊರಟ ನೀರು ಕುದಿಯುವುದಿಲ್ಲ. ರೇಡಿಯೇಟರಿಗೆಂದು ಬಾನೆಟ್ಟಿನೊಳಗೆ ಬಿಡಬೇಕಾಗಿದ್ದ ಗಾಳಿಯ ತಡೆ ಉಳಿಯಿತು. 80 ಕಿಲೋ ಭಾರ ಮೂತಿಯಿಂದ ದೂರ, ಹಿಂದಿನ ಆಕ್ಸಲ್ಲಿನ ಮುಂದೆ, ನಮಗೆ ಬೇಕಾದ ಜಾಗಕ್ಕೇ ಬಂದು ಕುಳಿತಿತು.

ಗೇರಿನ ಅನುಪಾತವನ್ನು ಬೇಗ ಹೇಳಿ ಮುಗಿಸುತ್ತೇನೆ. 28 ಇಂಚು ವ್ಯಾಸದ ಟಯರು ಒಂದು ಸುತ್ತಿಗೆ 2.23 ಮೀಟರು ಸಾಗುತ್ತದೆ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ, ಈ ಟ್ರಕ್ಕುಗಳಲ್ಲಿ ರೂಢಿಯಲ್ಲಿದ್ದಂತೆ ಡಿಫರೆನ್ಷಿಯಲ್ಲಿನ ಅನುಪಾತ (ಚಕ್ರದ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತುಗಳು) 4ರ ಆಸುಪಾಸಿನಲ್ಲಿದ್ದರೆ ವೇಗ 167 ಕಿ.ಮೀ. ಮೀರದು. 240 ಬೇಕಾದರೆ 2.79 ಬೇಕು, ಉಪ್ಪಿನಲ್ಲಿ ಚಕ್ರ ಶೇ. 7ರಷ್ಟು ಜಾರುತ್ತದೆ ಎಂದು ಹಿಡಿದರೆ 2.6 ಬೇಕು. ಗಾಳಿ, ಉಪ್ಪು ಎರಡೂ ದಿನದಿನಕ್ಕೆ ಬದಲಾಗುವುದರಿಂದ ಹಲವರು ‘ಕ್ವಿಕ್ ಚೇಂಜ್’ ಆಕ್ಸಲ್ ಬಳಸುತ್ತಾರೆ. ಆಕ್ಸಲ್ಲಿನ ಹಿಂಭಾಗದ ಮುಚ್ಚಳದ ಬೋಲ್ಟುಗಳನ್ನು ತೆಗೆದು, ಎಣ್ಣೆ ಸೋರಿಹೋಗಲು ಕೆಳಗೊಂದು ತಟ್ಟೆ ಇಟ್ಟು, ಒಳಗಿನ ಜೋಡಿ ಗೇರುಗಳನ್ನು ಕೈಯಿಂದಲೇ ಎಳೆದು ಇನ್ನೊಂದು ಜೋಡಿಯನ್ನು ತಳ್ಳಿದರೆ ಅನುಪಾತ ಬದಲಾಗುತ್ತದೆ. ಅದೇ ಜೋಡಿಯನ್ನು ಮೇಲೆ ಕೆಳಗೆ ಅದಲುಬದಲು ಮಾಡಿದರೂ ಇನ್ನೊಂದು ಅನುಪಾತ ಸಿಗುತ್ತದೆ. ಮೊದಲ ಗೇರಿನಲ್ಲೂ ಇಷ್ಟು ಉದ್ದದ ಅನುಪಾತವಿರುವ ವಾಹನ ನಿಂತಲ್ಲಿಂದ ಹೊರಡಲು ತಿಣುಕುತ್ತದೆ, ಹಾಗಾಗಿ ಹಿಂದಿನಿಂದ ಇನ್ನೊಂದು ವಾಹನ ತಳ್ಳಿಕೊಂಡು ಬಂದು ಬಿಡುವುದು ರೂಢಿ. ಆ ತಳ್ಳುವ ವಾಹನವೂ ಹೆಚ್ಚಾಗಿ ಪಿಕಪ್ಪೇ.

ಸುರಕ್ಷತೆಯ ಪಟ್ಟಿ ಉದ್ದವಾಗಿದೆ: ದಪ್ಪ ಉಕ್ಕಿನ ಕೊಳವೆಗಳ ರೋಲ್ ಕೇಜ್, ಭುಜ-ಸೊಂಟ-ತೊಡೆಗಳನ್ನು ಬಿಗಿಯುವ ಪಟ್ಟಿಗಳು, ಕತ್ತು ಮುರಿಯದಂತೆ ಹೆಲ್ಮೆಟ್ಟನ್ನು ಹಿಡಿಯುವ ಸಾಧನ, ಬೆಂಕಿ ತಡೆಯುವ ಉಡುಪು, ಬೆಂಕಿ ಆರಿಸುವ ವ್ಯವಸ್ಥೆ, ಹೆಚ್ಚು ವೇಗದವರಿಗೆ ಪ್ಯಾರಾಶೂಟ್. ತಪಾಸಣೆಯ ವೇಳೆ ಚಾಲಕ ಇದೆಲ್ಲವನ್ನೂ ತೊಟ್ಟು, ಬಿಗಿದುಕೊಂಡು ಕುಳಿತು, ಬೇರೆಯವರ ನೆರವಿಲ್ಲದೆ ಬೇಗ ಹೊರಬಂದು ತೋರಿಸಬೇಕು. ಹೊಸಬರಿಗೆ ಮೊದಲ ದಿನವೇ ಪೂರ್ಣ ವೇಗಕ್ಕೆ ಅನುಮತಿ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ವೇಗ ಏರಿಸಿ ಪರವಾನಗಿ ಪಡೆಯಬೇಕು. ಈ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ್ದು ಟಯರಿನ ವಾಲ್ವಿಗೆ ಲೋಹದ ಮುಚ್ಚಳವೇ ಇರಬೇಕೆಂಬ ಸಣ್ಣ ನಿಯಮ. ಗಂಟೆಗೆ 240 ಕಿ.ಮೀ. ವೇಗದಲ್ಲಿ ಚಕ್ರದ ಕೇಂದ್ರದಿಂದ 20 ಸೆಂಟಿಮೀಟರು ದೂರದಲ್ಲಿರುವ ವಾಲ್ವಿನ ಪುಟ್ಟ ಕಡ್ಡಿಯ ಮೇಲೆ ಅದರ ತೂಕದ ಸುಮಾರು 700 ಪಟ್ಟು ಬಲ ಬೀಳುತ್ತದೆ, ಮತ್ತು ಆ ಬಲ ಕಡ್ಡಿಯನ್ನು ಒತ್ತುವುದು ಗಾಳಿ ಬಿಡುವ ದಿಕ್ಕಿಗೇ. ಪ್ಲಾಸ್ಟಿಕ್ಕಿನ ಮುಚ್ಚಳ ಬರೀ ಧೂಳು ತಡೆಯುತ್ತದೆ. ಒಳಗೆ ರಬ್ಬರಿನ ಬಿಲ್ಲೆಯಿರುವ ಲೋಹದ ಮುಚ್ಚಳ ಗಾಳಿಯನ್ನೂ ತಡೆಯುತ್ತದೆ.

ಓಟದ ಕೊನೆಯಲ್ಲಿ ಚಾಲಕ ನಿಧಾನವಾಗಿ ಕಾಲು ತೆಗೆಯುವುದಿಲ್ಲ. ಪೂರ್ಣ ಬಲದಲ್ಲಿರುವಾಗಲೇ ಕ್ಲಚ್ ಒತ್ತಿ ಎಂಜಿನ್ನನ್ನು ಆರಿಸಿ ಉರುಳಿಕೊಂಡು ಹೋಗುತ್ತಾನೆ. ಹೀಗೆ ಮಾಡಿದರೆ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉಳಿದ ಬಣ್ಣ ಆ ಕೊನೆಯ ಕ್ಷಣದ ಉರಿಯನ್ನು ತೋರಿಸುತ್ತದೆ: ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಸುಣ್ಣದಂತೆ ಬಿಳುಪಾಗಿ ಹೊಳಪು ಕಳೆದಿದ್ದರೆ ಕಡಿಮೆಯಾಗಿ ಪಿಸ್ಟನ್ನಿಗೆ ಅಪಾಯವಿದೆ. ಟೈಮ್ ಸ್ಲಿಪ್ಪಿನ (ಓಟದಲ್ಲಿ ಅಳೆದ ವೇಗವನ್ನು ಬರೆದ ಚೀಟಿಯ) ವೇಗವನ್ನೂ ಎಂಜಿನ್ನಿನ ಸುತ್ತುಗಳಿಂದ ಲೆಕ್ಕ ಹಾಕಿದ ವೇಗವನ್ನೂ ಪಕ್ಕಪಕ್ಕ ಇಟ್ಟರೆ ಚಕ್ರ ಎಷ್ಟು ಜಾರಿತು ಎಂಬುದು ಗೊತ್ತಾಗುತ್ತದೆ. ದಾಖಲೆಗೆ ಒಂದು ಓಟ ಸಾಲದು. ಇರುವ ದಾಖಲೆಯನ್ನು ಮೀರಿದ ವಾಹನವನ್ನು ಕಾವಲಿನ ಅಂಗಳದಲ್ಲಿ ಇರಿಸಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಅದು ಮತ್ತೆ ಓಡಿ, ಎರಡರ ಸರಾಸರಿ ಹಳೆಯ ಅಂಕಿಯನ್ನು ದಾಟಬೇಕು. ಅಂತರರಾಷ್ಟ್ರೀಯ ದಾಖಲೆಯ ನಿಯಮ ಬೇರೆ: ಅಲ್ಲಿ ಒಂದು ಗಂಟೆಯೊಳಗೆ ಎದುರು ದಿಕ್ಕಿನಲ್ಲಿ ವಾಪಸು ಓಡಬೇಕು.

ಉಪ್ಪಿನ ಸ್ಥಿತಿ ಮೊದಲಿನಂತಿಲ್ಲ. 2014, 2015 ಮತ್ತು 2022ರಲ್ಲಿ ಓಡಲು ಯೋಗ್ಯವಾದ ನೆಲವೇ ಇಲ್ಲದೆ ಸ್ಪೀಡ್ ವೀಕ್ ರದ್ದಾಯಿತು. ಪಕ್ಕದಲ್ಲಿ ದಶಕಗಳಿಂದ ನಡೆದಿರುವ ಪೊಟ್ಯಾಷ್ ಗಣಿಗಾರಿಕೆಯ ಕಾಲುವೆಗಳು ಉಪ್ಪುನೀರನ್ನು ಎಳೆದುಕೊಳ್ಳುವುದೇ ಪದರ ತೆಳುವಾಗಲು ಮುಖ್ಯ ಕಾರಣ ಎಂದು ಓಟಗಾರರು ವಾದಿಸುತ್ತಾರೆ. 1990ರ ದಶಕದ ಕೊನೆಯಲ್ಲಿ ಉಪ್ಪುನೀರನ್ನು ಬಯಲಿಗೆ ಮರಳಿ ಹರಿಸುವ ಯೋಜನೆಯೂ ಆರಂಭವಾಯಿತು. ನಮ್ಮ ಲೆಕ್ಕಕ್ಕೆ ಇದರ ಪರಿಣಾಮ ನೇರವಾಗಿಯೇ ತಟ್ಟುತ್ತದೆ. ಪದರ ತೆಳುವಾಗಿ ಕೆಳಗಿನ ಕೆಸರು ಮೇಲೆ ಬಂದಂತೆ 0.5 ಎಂದು ನಾವು ಹಿಡಿದ ಹಿಡಿತ 0.4ಕ್ಕೆ ಇಳಿದರೆ, ಅದೇ ವೇಗಕ್ಕೆ ಹಿಂದಿನ ಚಕ್ರಗಳ ಮೇಲೆ ಕಾಲು ಪಾಲು ಹೆಚ್ಚು ಭಾರ ಬೇಕಾಗುತ್ತದೆ. ಆದಕಾರಣ ಟ್ರಕ್ಕಿನ ತೂಕವನ್ನು ಮನೆಯಲ್ಲೇ ಅಂತಿಮಗೊಳಿಸದೆ, ಸೀಸವನ್ನು ಒಬ್ಬರೇ ಎತ್ತಬಹುದಾದ ಗಟ್ಟಿಗಳಾಗಿ ಎರಕ ಹೊಯ್ದು, ಪ್ರತಿಯೊಂದಕ್ಕೂ ಎರಡೆರಡು ಬೋಲ್ಟಿನ ತೂತು ಕೊರೆದು, ಚಾಸಿಯ ಮೇಲೆ ಮುಂದೆ ಹಿಂದೆ ನಾಲ್ಕಾರು ಕಡೆ ಅವಕ್ಕೆ ಜಾಗ ಮಾಡಿಕೊಂಡು ಹೋಗುವುದು ಒಳ್ಳೆಯದು. ಮೊದಲ ಓಟದ ಟೈಮ್ ಸ್ಲಿಪ್ ಕೈಗೆ ಬಂದ ಮೇಲೆ ಯಾವ ಗಟ್ಟಿಯನ್ನು ಎಲ್ಲಿಗೆ ಸರಿಸಬೇಕು ಎಂಬುದನ್ನು ಅಲ್ಲಿಯೇ, ಟ್ರಕ್ಕಿನಡಿ ಮಲಗಿ ತೀರ್ಮಾನಿಸಬಹುದು.